ಹದಿನೈದು ವಿಭಕ್ತಿಗಳ ನಾಡಿನಲ್ಲಿ ಒಂದು ತರಗತಿ

ಫಿನ್‌ಲ್ಯಾಂಡಿಗೆ ಕೆಲಸಕ್ಕೋ ಓದಿಗೋ ಸಂಸಾರದ ಹಿಂದೆಯೋ ಬಂದು ನೆಲೆಸುವ ಹೊರದೇಶದವರಿಗೆ ಫಿನ್ನಿಷ್ ಕಲಿಸುವ ತರಗತಿಗಳು ಊರೂರಲ್ಲೂ ಇವೆ. ನಗರಾಡಳಿತದ ವಯಸ್ಕರ ವಿದ್ಯಾಲಯಗಳು ಕಲಿಸುತ್ತವೆ, ವಿಶ್ವವಿದ್ಯಾಲಯಗಳು ಕಲಿಸುತ್ತವೆ, ಉದ್ಯೋಗ ಕಚೇರಿ ತಾನೇ ದುಡ್ಡು ಕೊಟ್ಟು ಕಲಿಸುತ್ತದೆ, ಕೆಲವು ಕಂಪನಿಗಳು ಮೀಟಿಂಗ್ ಕೋಣೆಗೇ ಮೇಷ್ಟರನ್ನು ಕರೆಸುತ್ತವೆ. ಇಷ್ಟೆಲ್ಲ ಇದ್ದೂ ತಮಗೆ ಹೊಂದುವ ತರಗತಿ ಸಿಗಲಿಲ್ಲ ಎಂಬ ದೂರು ಹೊಸಬರಲ್ಲಿ ಸಾಮಾನ್ಯ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಈ ಬಾಗಿಲುಗಳೆಲ್ಲ ಎಲ್ಲರಿಗೂ ತೆರೆಯುವುದಿಲ್ಲ. ಬಂದವರು ಸಂಬಳದ ಕೆಲಸದಲ್ಲಿದ್ದಾರೋ, ಕೆಲಸ ಹುಡುಕುತ್ತಿದ್ದಾರೋ, ವಿದ್ಯಾರ್ಥಿಯೋ, ಕಾಗದದ ಮೇಲೆ ಇವು ಯಾವುದೂ ಆಗದೆ ಮನೆಯಲ್ಲಿರುವವರೋ ಎಂಬುದನ್ನು ನೋಡಿ ಬಾಗಿಲು ಬೇರೆಯಾಗುತ್ತದೆ. ಯಾವ ಕೋರ್ಸ್ ಚೆನ್ನಾಗಿದೆ ಎಂದು ವಿಚಾರಿಸುವ ಮೊದಲು ಯಾವ ಕೋರ್ಸಿಗೆ ಸೇರಲು ಬರುತ್ತದೆ ಎಂದು ತಿಳಿದುಕೊಂಡರೆ ಅರ್ಧ ಹುಡುಕಾಟ ಮುಗಿದಂತೆ.

ಹೆಲ್ಸಿಂಕಿ, ಎಸ್ಪೋ, ತಾಂಪೆರೆಯಂಥ ಊರುಗಳ ಸಾಫ್ಟ್‌ವೇರ್ ಕಚೇರಿಗಳಲ್ಲಿ ಇಂಗ್ಲಿಷಿನಲ್ಲೇ ದಿನ ಸಾಗುತ್ತದೆ. ಅಂಗಡಿ, ಬ್ಯಾಂಕು, ಬಸ್ಸುಗಳಲ್ಲೂ ಅದೇ ನಡೆಯುತ್ತದೆ. ಹಾಗಾಗಿ ಫಿನ್ನಿಷ್ ಕಲಿಯದೆ ವರ್ಷಗಳನ್ನು ಕಳೆದವರು ಬಹಳ. ಆದರೆ ಕಾನೂನು ಈಚೆಗೆ ಬಿಗಿಯಾಗಿದೆ. ಪೌರತ್ವಕ್ಕೆ ದೇಶದ ಎರಡು ರಾಷ್ಟ್ರಭಾಷೆಗಳಾದ ಫಿನ್ನಿಷ್ ಮತ್ತು ಸ್ವೀಡಿಷ್‌ಗಳಲ್ಲಿ ಒಂದು ತಕ್ಕಮಟ್ಟಿಗೆ ಬರಬೇಕೆಂಬ ನಿಯಮ ಮೊದಲೇ ಇತ್ತು. ಅದಕ್ಕೆ ಬೇಕಾದ ಸಾಮಾನ್ಯ ವಾಸದ ಅವಧಿ 2024ರ ಅಕ್ಟೋಬರಿನಲ್ಲಿ 5 ವರ್ಷದಿಂದ 8 ವರ್ಷಕ್ಕೆ ಏರಿತು. ಕಾಯಂ ನಿವಾಸದ ಪರವಾನಗಿಗೂ 2026ರ ಜನವರಿಯಿಂದ ಭಾಷೆಯ ಷರತ್ತು ಸೇರಿಕೊಂಡಿದೆ. ಕೋಡ್ ಬರೆಯುವ ಕೆಲಸ ಬಿಟ್ಟು ಆಸ್ಪತ್ರೆ, ಶಾಲೆ, ಶಿಶುವಿಹಾರ, ಸರ್ಕಾರಿ ಕಚೇರಿಗಳ ಕಡೆ ನೋಡಿದರಂತೂ ಭಾಷೆ ಇಲ್ಲದೆ ಕೆಲಸವೇ ಇಲ್ಲ.

ಮೊದಲ ಬಾಗಿಲು ಉದ್ಯೋಗ ಕಚೇರಿಯದು. ಫಿನ್ನಿಷಿನಲ್ಲಿ ‘ಕೊತಿ’ ಎಂದರೆ ಮನೆ. ಅದರಿಂದ ಹುಟ್ಟಿದ ಪದ ‘ಕೊತೊಉತುಮಿನೆನ್’, ಅಂದರೆ ಹೊಸ ನೆಲದಲ್ಲಿ ಮನೆ ಮಾಡಿಕೊಳ್ಳುವುದು, ನೆಲೆಯೂರುವುದು. ವಲಸೆ ಬಂದವರನ್ನು ಸಮಾಜದೊಳಕ್ಕೆ ತರುವ ಸರ್ಕಾರಿ ಏರ್ಪಾಡಿಗೆಲ್ಲ ಇದೇ ಹೆಸರು. 1999ರಲ್ಲಿ ಇದಕ್ಕೊಂದು ಕಾನೂನು ಬಂತು. 2025ರ ಜನವರಿ 1ರಿಂದ ಜಾರಿಯಾದ ಹೊಸ ಕಾನೂನು ಹೊಣೆಯನ್ನು ಹೆಚ್ಚಾಗಿ ಪೌರಾಡಳಿತಗಳ ಮೇಲೆ ಹಾಕಿತು. ಅದೇ ದಿನ ರಾಜ್ಯದ ಕೈಯಲ್ಲಿದ್ದ ಉದ್ಯೋಗ ಸೇವೆಗಳೂ ಪೌರಾಡಳಿತಗಳಿಗೆ, ಅವು ಸೇರಿ ರೂಪಿಸಿದ 45 ಉದ್ಯೋಗ ವಲಯಗಳಿಗೆ, ವರ್ಗವಾದವು. ಕೆಲಸ ಹುಡುಕುತ್ತಿರುವವರೆಂದು ಹೆಸರು ನೋಂದಾಯಿಸಿದ ಹೊಸಬರನ್ನು ಅಲ್ಲಿ ಕೂರಿಸಿಕೊಂಡು ಓದು, ಅನುಭವ, ಭಾಷೆ, ಮನೆಯ ಪರಿಸ್ಥಿತಿ ಎಲ್ಲವನ್ನೂ ಕೇಳಿ ಒಂದು ವೈಯಕ್ತಿಕ ಯೋಜನೆ ಬರೆಯಲಾಗುತ್ತದೆ. ಆ ಯೋಜನೆಯ ಮುಖ್ಯ ಭಾಗ ಭಾಷಾ ತರಬೇತಿ. ಹೆಸರು ಉದ್ದವಾದ್ದರಿಂದ ಕಲಿಯುವವರ ಬಾಯಲ್ಲಿ ಅದು ಬರೀ ‘ಕೊತೊ’.

ಕೊತೊ ಇಡೀ ದಿನದ ತರಗತಿ. ವಾರಕ್ಕೆ ಐದು ದಿನ, ಸುಮಾರು ಒಂದು ವರ್ಷ, ಪೂರ್ತಿ ಉಚಿತ. ಭಾಷೆಯ ಜೊತೆಗೆ ದೇಶದ ಆಡಳಿತ, ಕೆಲಸದ ಕಾನೂನು, ಅರ್ಜಿ ಬರೆಯುವ ಕ್ರಮ ಎಲ್ಲ ಬರುತ್ತದೆ. ನಡುವೆ ಕೆಲವು ವಾರ ಯಾವುದಾದರೂ ಅಂಗಡಿಯಲ್ಲೋ ಶಿಶುವಿಹಾರದಲ್ಲೋ ಕೆಲಸದ ಅನುಭವಕ್ಕೆ ಕಳಿಸುತ್ತಾರೆ. ಶುರುವಿನಲ್ಲೇ ಒಂದು ಪರೀಕ್ಷೆ ಮಾಡಿ ನಿಧಾನ, ಸಾಧಾರಣ, ವೇಗ ಎಂದು ದಾರಿ ವಿಂಗಡಿಸುತ್ತಾರೆ. ರೋಮನ್ ಅಕ್ಷರವೇ ಹೊಸದಾದವರಿಗೆ ಬೇರೆ ಗುಂಪು ಇರುತ್ತದೆ. ಯುರೋಪಿನ ಆರು ಮಟ್ಟದ ಅಳತೆಯಲ್ಲಿ ಬಿ1ರ ಹೊಸಿಲು ದಾಟಿಸುವುದು ಇದರ ಗುರಿ; ಎಲ್ಲರೂ ಅಲ್ಲಿಗೆ ಮುಟ್ಟುತ್ತಾರೆಂದಲ್ಲ. ಆದರೂ ಹೊಸಬರಿಗೆ ದೊರೆಯುವ ಪಾಠಗಳಲ್ಲಿ ಇದಕ್ಕಿಂತ ದಟ್ಟವಾದದ್ದು ಸುಲಭವಾಗಿ ಸಿಗುವುದಿಲ್ಲ.

ಇಲ್ಲೊಂದು ವಿಚಿತ್ರ ಕಾಣುತ್ತದೆ. ಬೆಂಗಳೂರಿನಿಂದ ಎಸ್ಪೋದ ಕಂಪನಿಗೆ ಬಂದ ಇಂಜಿನಿಯರ್ ಉದ್ಯೋಗಿಯಾದ್ದರಿಂದ ಇಡೀ ದಿನದ ಕೊತೊಗೆ ಹೋಗುವಂತಿಲ್ಲ. ಜೊತೆಗೆ ಬಂದ ಗಂಡನೋ ಹೆಂಡತಿಯೋ ಕೆಲಸ ಹುಡುಕುವವರೆಂದು ಹೆಸರು ಬರೆಸಿದರೆ ಆ ಅವಕಾಶ ಅವರಿಗೆ ಸಿಗುತ್ತದೆ. ಹೀಗಾಗಿ ‘ನಮ್ಮ ಕೆಲಸಕ್ಕೆ ಇಂಗ್ಲಿಷ್ ಸಾಕು’ ಎನ್ನುತ್ತಿದ್ದವರ ಮನೆಯಲ್ಲಿ ಒಂದು ವರ್ಷದ ಬಳಿಕ ಶಾಲೆಯಿಂದ ಬಂದ ಪತ್ರ ಓದುವವರು, ಡಾಕ್ಟರಿಗೆ ಫೋನು ಮಾಡುವವರು ಬದಲಾಗಿರುತ್ತಾರೆ. ‘ಡಿಪೆಂಡೆಂಟ್’ ಎಂಬ ವೀಸಾ ಪದ ಆ ಮನೆಯಲ್ಲಿ ಉಲ್ಟಾ ಆಗುತ್ತದೆ. ಹೆಸರು ನೋಂದಾಯಿಸದೆ, ಇದು ನಮಗಲ್ಲ ಎಂದುಕೊಂಡು ಮೊದಲ ಒಂದೆರಡು ವರ್ಷ ಕಳೆದುಕೊಳ್ಳುವುದೇ ಮನೆಯಲ್ಲಿರುವವರು ಮಾಡುವ ದೊಡ್ಡ ತಪ್ಪು. ಯೋಜನೆ ಸಿಗುವುದು ಬಂದ ಹೊಸದರಲ್ಲಿ. ಅದಕ್ಕೆ ಕಾಲಮಿತಿ ಇದೆ. ಪುಟ್ಟ ಮಕ್ಕಳಿದ್ದರೆ ಶಿಶುವಿಹಾರದ ಅರ್ಜಿಯನ್ನೂ ಜೊತೆಜೊತೆಗೇ ಹಾಕಬೇಕು, ಜಾಗ ಸಿಗುವುದಕ್ಕೆ ತಿಂಗಳುಗಳು ಹಿಡಿಯಬಹುದು.

ಎರಡನೆಯದು ಸಂಜೆಯ ಬಾಗಿಲು, ಕೆಲಸದಲ್ಲಿರುವವರು ಹೆಚ್ಚಾಗಿ ತಟ್ಟುವುದು. ಫಿನ್‌ಲ್ಯಾಂಡಿನ ಪ್ರತಿ ಪೌರಾಡಳಿತದ ಜನರಿಗೂ ಒಂದು ವಯಸ್ಕರ ವಿದ್ಯಾಲಯದ ಸೇವೆ ಉಂಟು. ಕೆಲವೆಡೆ ಅದನ್ನು ನಾಗರಿಕರ ವಿದ್ಯಾಲಯ ಎನ್ನುತ್ತಾರೆ, ಕೆಲವೆಡೆ ಕಾರ್ಮಿಕರ ವಿದ್ಯಾಲಯ. ದೇಶದ ಮೊದಲ ಕಾರ್ಮಿಕರ ವಿದ್ಯಾಲಯ 1899ರಲ್ಲಿ ಗಿರಣಿಗಳ ಊರಾದ ತಾಂಪೆರೆಯಲ್ಲಿ ಶುರುವಾಯಿತು, ಹೆಲ್ಸಿಂಕಿಯದು 1914ರಲ್ಲಿ. ಪಾಳಿ ಮುಗಿಸಿ ಬಂದ ಕೂಲಿಗಳಿಗೆ ಸಂಜೆ ಉಪನ್ಯಾಸ ಕೇಳಿಸುವುದು ಆಗಿನ ಉದ್ದೇಶ. ಇವತ್ತು ಅಲ್ಲಿ ಕುಂಬಾರಿಕೆ, ಯೋಗ, ಸ್ವೆಟರ್ ಹೆಣಿಗೆಗಳ ಪಕ್ಕದ ಕೋಣೆಯಲ್ಲಿ ಹೊರದೇಶದವರಿಗೆ ಫಿನ್ನಿಷ್ ನಡೆಯುತ್ತದೆ. ಸರ್ಕಾರದ ನೆರವಿರುವುದರಿಂದ ಶುಲ್ಕ ಕಡಿಮೆ. ಖಾಸಗಿ ಭಾಷಾಶಾಲೆಗಳಲ್ಲಿ ಅಷ್ಟೇ ಗಂಟೆಗಳಿಗೆ ನೂರಾರು ಯೂರೋ ತೆರಬೇಕಾದೀತು.

ಇಂಥ ವಿದ್ಯಾಲಯದ ಪಟ್ಟಿಯಲ್ಲಿ ಕಾಣುವ ಒಂದು ಮಾದರಿ ಸಾಲನ್ನು ಬಿಡಿಸಿ ನೋಡುವುದು ಒಳ್ಳೆಯದು: ‘ಸುಒಮಿ ಎ1.2, ತಿ + ತೊ 17.00–18.30, 48 ತಾಸು, ಲ್ಯಾಹಿ, ಸುಒಮೆನ್ ಮೆಸ್ತರಿ 1’. ಸುಒಮಿ ಎಂದರೆ ಫಿನ್ನಿಷ್ ಭಾಷೆ, ದೇಶದ ಹೆಸರೂ ಅದೇ. ತಿ, ತೊ ಎಂಬವು ಮಂಗಳವಾರ, ಗುರುವಾರಗಳ ಮೊದಲಕ್ಷರ. ‘ಲ್ಯಾಹಿ’ ಎಂದಿದ್ದರೆ ಎದುರಾಎದುರು ಕೂತು ಕಲಿಯುವುದು. ‘ಎತ್ಯಾ’ ಎಂದಿದ್ದರೆ ಆನ್‌ಲೈನ್. ಸುಒಮೆನ್ ಮೆಸ್ತರಿ ನಾಲ್ಕು ಭಾಗಗಳಲ್ಲಿರುವ, ಬಹಳ ಕಡೆ ಬಳಕೆಯಲ್ಲಿರುವ ಪಠ್ಯಪುಸ್ತಕ. ಹೆಚ್ಚು ಹೇಳುವುದು ‘ಎ1.2’ ಎಂಬ ಗುರುತು. ಯುರೋಪಿನ ಎ1, ಎ2, ಬಿ1 ಮಟ್ಟಗಳು ಫಿನ್ನಿಷಿಗೆ ತೀರ ಅಗಲವಾದವೆಂದು ಅಲ್ಲಿನವರು ಎ1ನ್ನೇ ಮೂರು ಮೆಟ್ಟಿಲು ಮಾಡಿದ್ದಾರೆ. ಎ1.2 ಎಂದರೆ ಪೂರ್ತಿ ಹೊಸಬರಿಗಲ್ಲ. ಒಂದು ಕೋರ್ಸ್ ಮುಗಿಸಿ ವರ್ತಮಾನಕಾಲದ ಕ್ರಿಯಾಪದ, ಕೆಲವು ವಿಭಕ್ತಿ ಬರುವವರಿಗೆ. ತಿಳಿಯದೆ ಸೇರಿದವರು ಎರಡನೇ ವಾರ ಬಿಟ್ಟುಬಿಡುತ್ತಾರೆ. ಪಟ್ಟಿಯ ಜೊತೆಗೆ ಮಟ್ಟ ತಿಳಿಸುವ ಪರೀಕ್ಷೆ ಇದ್ದರೆ ಅದನ್ನು ಮೊದಲೇ ಮಾಡಿಕೊಂಡರೆ ದುಡ್ಡೂ ಮುಖವೂ ಉಳಿಯುತ್ತವೆ.

ಆಮೇಲೆ ಆ ‘48 ತಾಸು’. ಅಲ್ಲಿ ಪಾಠದ ತಾಸು ಎಂದರೆ 45 ನಿಮಿಷ. ವಾರಕ್ಕೆ ಎರಡು ಸಂಜೆ, ಸಂಜೆಗೆ ಎರಡು ತಾಸು, 12 ವಾರ. ಗಡಿಯಾರದ ಲೆಕ್ಕದಲ್ಲಿ 36 ಗಂಟೆ. ಶರತ್ಕಾಲ, ವಸಂತ ಎರಡೂ ಅವಧಿ ತಪ್ಪದೆ ಹೋದರೆ ವರ್ಷಕ್ಕೆ 72 ಗಂಟೆ. ರಾಯಭಾರ ಕಚೇರಿಗಳಿಗೆ ಅಧಿಕಾರಿಗಳನ್ನು ತಯಾರು ಮಾಡುವ ಅಮೆರಿಕದ ಸಂಸ್ಥೆಯೊಂದು ಇಂಗ್ಲಿಷ್ ಮಾತೃಭಾಷೆಯವರು ಫಿನ್ನಿಷಿನಲ್ಲಿ ವೃತ್ತಿಗೆ ಸಾಕಾಗುವ ಹಿಡಿತ ಪಡೆಯಲು ಸುಮಾರು 1,100 ಗಂಟೆಯ ತರಗತಿ ಬೇಕೆಂದು ಲೆಕ್ಕ ಹಾಕಿದೆ. (ತಮಿಳು, ತೆಲುಗುಗಳನ್ನೂ ಅದು ಇದೇ ಗುಂಪಿನಲ್ಲಿಟ್ಟಿದೆ, ಎಂದರೆ ಅಮೆರಿಕದವರಿಗೆ ಫಿನ್ನಿಷ್ ಎಷ್ಟು ಕಷ್ಟವೋ ನಮ್ಮ ನೆರೆಯವರ ಭಾಷೆಗಳೂ ಅಷ್ಟೇ ಕಷ್ಟ.) ಪೌರತ್ವಕ್ಕೆ ಬೇಕಾದ ಬಿ1 ಇದಕ್ಕಿಂತ ಬಹಳ ಕೆಳಗಿನ ಮಟ್ಟ. ಆದರೂ ವರ್ಷಕ್ಕೆ 72 ಗಂಟೆಯಂತೆ ಸಾಗಿದರೆ 1,100 ಮುಟ್ಟಲು ಹದಿನೈದು ವರ್ಷ ದಾಟುತ್ತದೆ. ದಿನಕ್ಕೆ ಆರು ತಾಸಿನ ಕೊತೊ ನಲವತ್ತು ವಾರ ನಡೆದರೆ ಒಂದೇ ವರ್ಷದಲ್ಲಿ 900 ಗಂಟೆಯಾಗುತ್ತದೆ. ಸಂಜೆ ತರಗತಿಗೆ ಎರಡು ವರ್ಷ ಹೋದೆ, ಆದರೂ ಮಾತು ಬರಲಿಲ್ಲ ಎಂದು ಕೊರಗುವವರಲ್ಲಿ ಬುದ್ಧಿಯ ಕೊರತೆ ಇರುವುದಿಲ್ಲ, ಗಂಟೆಗಳ ಕೊರತೆ ಇರುತ್ತದೆ.

ಕನ್ನಡ ಮಾತಾಡುವವರಿಗೆ ಈ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಉಂಟು. ಫಿನ್ನಿಷಿಗೆ 15 ವಿಭಕ್ತಿ ಎಂದು ಕೇಳಿ ಇಂಗ್ಲಿಷಿನವರು ಬೆಚ್ಚುತ್ತಾರೆ. ಪದದ ಬಾಲಕ್ಕೆ ಪ್ರತ್ಯಯ ಅಂಟಿಸುವ ಭಾಷೆಯಲ್ಲೇ ಹುಟ್ಟಿದವರಿಗೆ ಅದರಲ್ಲಿ ಹೊಸದೇನಿಲ್ಲ. ‘ತಲೊ’ ಎಂದರೆ ಮನೆ, ಕಟ್ಟಡವೆಂಬ ಅರ್ಥದಲ್ಲಿ. ‘ತಲೊಸ್ಸ’ ಮನೆಯಲ್ಲಿ, ‘ತಲೊಸ್ತ’ ಮನೆಯಿಂದ, ‘ತಲೋನ್’ ಮನೆಯೊಳಕ್ಕೆ. ‘ತಲೊಸ್ಸನಿಕಿನ್’ ಎಂಬ ಒಂದೇ ಪದಕ್ಕೆ ‘ನನ್ನ ಮನೆಯಲ್ಲೂ’ ಎಂದು ಅರ್ಥ. ‘ಮನೆಯಲ್ಲೂ’ ಎಂಬುದರ ಕೊನೆಯ ‘ಊ’ ಮಾಡುವ ಕೆಲಸವನ್ನೇ ಅಲ್ಲಿ ‘ಕಿನ್’ ಮಾಡುತ್ತದೆ. ‘ಬರ್ತೀಯ’ ಎಂಬುದನ್ನು ‘ಬರ್ತೀಯಾ?’ ಮಾಡಿದಂತೆ ‘ತುಲೆತ್’ ಎಂಬುದಕ್ಕೆ ‘ಕೊ’ ಸೇರಿಸಿದರೆ ‘ತುಲೆತ್ಕೊ?’ ಎಂಬ ಪ್ರಶ್ನೆ. ಇಂಗ್ಲಿಷಿನ ‘ಹ್ಯಾವ್’ಗೆ ಕನ್ನಡದಲ್ಲಿ ಕ್ರಿಯಾಪದವಿಲ್ಲ, ಅಲ್ಲೂ ಇಲ್ಲ, ‘ಮಿನುಲ್ಲ ಒನ್ ಔತೊ’ ಎಂದರೆ ‘ನನ್ನ ಹತ್ತಿರ ಕಾರಿದೆ’. ಪದದೊಳಗೆ ಕಕಾರ ಗಕಾರವಾಗುವ, ತಕಾರ ದಕಾರವಾಗುವ ನಿಯಮ ಪಠ್ಯಪುಸ್ತಕದ ಪುಟಗಟ್ಟಲೆ ನುಂಗುತ್ತದೆ: ಹೆಲ್ಸಿಂಕಿ ಎಂಬ ಊರಿನಲ್ಲಿ ಎನ್ನಬೇಕಾದರೆ ‘ಹೆಲ್ಸಿಂಗಿಸ್ಸ್ಯಾ’, ‘ಕತು’ ಎಂಬ ಬೀದಿಯಲ್ಲಿ ಎನ್ನಬೇಕಾದರೆ ‘ಕದುಲ್ಲ’. ಮಳೆ, ಕಾಲ ಸೇರಿ ಮಳೆಗಾಲ, ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ ಎಂದು ಆದೇಶಸಂಧಿ ಬಾಯಿಪಾಠ ಮಾಡಿದವರಿಗೆ ಈ ಬದಲಾವಣೆ ಕಿವಿಗೆ ಒಗ್ಗುತ್ತದೆ. ಬದಲಾಗುವ ಕಾರಣ ಮಾತ್ರ ಬೇರೆ. ಅಲ್ಲಿ ಅಕ್ಷರದ ಕೊನೆ ವ್ಯಂಜನದಿಂದ ಮುಚ್ಚಿಕೊಂಡಾಗ ಹೀಗಾಗುತ್ತದೆ.

ಈ ಹೋಲಿಕೆ ಹಿಂದೆಯೇ ವಿದ್ವಾಂಸರ ಕಣ್ಣಿಗೆ ಬಿದ್ದಿತ್ತು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಇವುಗಳಿಗೆ ಫಿನ್ನಿಷ್ ಸೇರಿದ ಉತ್ತರದ ಭಾಷೆಗಳ ಜೊತೆ ನಂಟಿದೆಯೆಂದು ವಾದಿಸಿದ್ದರು. ಈಗಿನ ಭಾಷಾಶಾಸ್ತ್ರ ಆ ನಂಟನ್ನು ಒಪ್ಪುವುದಿಲ್ಲ. ಫಿನ್ನಿಷ್ ಯುರಾಲಿಕ್ ಕುಟುಂಬದ್ದು, ಎಸ್ಟೋನಿಯನ್ ಅದರ ಹತ್ತಿರದ ಬಂಧು, ಹಂಗೇರಿಯನ್ ದೂರದ್ದು. ರಕ್ತಸಂಬಂಧ ಇರಲಿ ಬಿಡಲಿ, ಕಲಿಯುವವರಿಗೆ ನಡಿಗೆಯ ಹೋಲಿಕೆಯೇ ಸಾಕು.

ರಿಯಾಯಿತಿಗೆ ಮಿತಿಯೂ ಇದೆ. ಕನ್ನಡದಲ್ಲಿ ‘ದೊಡ್ಡ ಮನೆಯಲ್ಲಿ’ ಎಂದರೆ ಮುಗಿಯಿತು. ಫಿನ್ನಿಷಿನಲ್ಲಿ ವಿಶೇಷಣಕ್ಕೂ ವಿಭಕ್ತಿ ಬೇಕು, ‘ಇಸೊಸ್ಸ ತಲೊಸ್ಸ’, ದೊಡ್ಡದರಲ್ಲಿ ಮನೆಯಲ್ಲಿ ಎಂದ ಹಾಗೆ. ನಮ್ಮ ‘ಇಲ್ಲ’ ಯಾರಿಗಾದರೂ ಇಲ್ಲವೇ, ಅಲ್ಲಿ ‘ಇಲ್ಲ’ವೂ ಕ್ರಿಯಾಪದ: ನಾನು ‘ಎನ್’, ನೀನು ‘ಎತ್’, ಅವನು ಅಥವಾ ಅವಳು ‘ಎಇ’. ಹಳಗನ್ನಡದ ‘ಆಡೆನ್’, ‘ಆಡೆವು’ ನೆನಪಿರುವವರಿಗೆ ಅದೂ ಅಷ್ಟು ಹೊಸದಲ್ಲ ಎನ್ನಬಹುದು. ಎಲ್ಲಕ್ಕಿಂತ ಕಾಡುವುದು ಪಾರ್ಟಿಟಿವ್ ಎಂಬ ವಿಭಕ್ತಿ. ‘ಯುಒನ್ ಕಹ್ವಿಅ’ ಎಂದರೆ ಕಾಫಿ ಕುಡಿಯುತ್ತಿದ್ದೇನೆ, ಇನ್ನೂ ಲೋಟದಲ್ಲಿದೆ. ‘ಯುಒನ್ ಕಹ್ವಿನ್’ ಎಂದರೆ ಕುಡಿದು ಮುಗಿಸುತ್ತೇನೆ. ಭವಿಷ್ಯತ್ಕಾಲವಿಲ್ಲದ ಭಾಷೆಯಲ್ಲಿ ಕೆಲಸ ಮುಗಿಯುತ್ತದೋ ಇಲ್ಲವೋ ಎಂಬುದನ್ನು ಕಾಫಿಯ ಬಾಲ ಹೇಳುತ್ತದೆ. ಬಳಿ, ಬಳ್ಳಿಗಳ ವ್ಯತ್ಯಾಸ ತಿಳಿದವರಿಗೆ ಒತ್ತು, ದೀರ್ಘಗಳು ಸಲೀಸು. ‘ಮುತ’ ಕೆಸರು, ‘ಮುತ್ತ’ ಆದರೆ, ‘ಮೂತ’ ಬೇರೆ ಏನಾದರೂ. ದೀರ್ಘ ತಪ್ಪಿದರೆ ಅನರ್ಥವೂ ಆದೀತು: ‘ತಪಾನ್ ಸಿನುತ್’ ಎಂದರೆ ನಿನ್ನನ್ನು ಭೇಟಿಯಾಗುತ್ತೇನೆ, ‘ತಪನ್ ಸಿನುತ್’ ಎಂದರೆ ನಿನ್ನನ್ನು ಕೊಲ್ಲುತ್ತೇನೆ.

ಇದನ್ನೆಲ್ಲ ಹೇಳಿದ್ದಕ್ಕೆ ಕಾರಣ ಕೋರ್ಸಿನ ಆಯ್ಕೆಯೇ. ಇಂಗ್ಲಿಷಿನ ಮೂಲಕ ಕಲಿಸುವ ಆರಂಭದ ತರಗತಿಗಳಲ್ಲಿ ವಿಭಕ್ತಿ ಎಂದರೇನು ಎಂದು ಬಿಡಿಸಿ ಹೇಳುವುದಕ್ಕೇ ಬಹಳ ಸಮಯ ಹೋಗುತ್ತದೆ. ಕನ್ನಡ ವ್ಯಾಕರಣ ಓದಿದವರು ಅಲ್ಲಿ ಬೇಸರ ಪಡುವ ಬದಲು, ಪುಸ್ತಕದ ಮೊದಲ ಕೆಲವು ಪಾಠಗಳನ್ನು ಸ್ವಂತವಾಗಿ ಓದಿಕೊಂಡು ವೇಗದ ಗುಂಪನ್ನೋ ಫಿನ್ನಿಷಿನಲ್ಲೇ ಫಿನ್ನಿಷ್ ಕಲಿಸುವ ಗುಂಪನ್ನೋ ಹಿಡಿಯುವುದು ಲಾಭ. ವ್ಯಾಕರಣ ಓದುವುದು ಹೇಗೂ ಬರುತ್ತದೆ. ಕಿವಿ, ಬಾಯಿ ಹಿಂದೆ ಬೀಳುತ್ತವೆ.

ಹಾಗೆ ಹಿಂದೆ ಬೀಳುವುದಕ್ಕೆ ಒಂದು ಕಾರಣ ಪುಸ್ತಕದ ಭಾಷೆಗೂ ಬೀದಿಯ ಭಾಷೆಗೂ ಇರುವ ಅಂತರ. ಮಿಕಾಯೆಲ್ ಅಗ್ರಿಕೊಲ ಎಂಬ ಪಾದ್ರಿ 1543ರಲ್ಲಿ ಅಕ್ಷರಮಾಲೆಯ ಪುಸ್ತಕ ಅಚ್ಚು ಹಾಕಿಸಿದಾಗ ಫಿನ್ನಿಷ್ ಮೊದಲು ಪುಸ್ತಕಕ್ಕೆ ಬಂತು. 19ನೇ ಶತಮಾನದಲ್ಲಿ ಪೂರ್ವ, ಪಶ್ಚಿಮದ ಉಪಭಾಷೆಗಳನ್ನು ಬೆರೆಸಿ ಈಗಿನ ಗ್ರಂಥಭಾಷೆ ರೂಪಿಸಿದರು. ಹಾಗಾಗಿ ಅದು ಯಾರ ಮನೆಮಾತೂ ಅಲ್ಲ. ತರಗತಿಯಲ್ಲಿ ‘ಮಿನ್ಯಾ ಒಲೆನ್’ ಎಂದು ಕಲಿತವರು ಟ್ರಾಮ್ ಹತ್ತಿದರೆ ಕೇಳಿಸುವುದು ‘ಮ್ಯಾ ಓನ್’. ‘ಒನ್ಕೊ ಸಿನುಲ್ಲ’ ಎಂಬುದು ‘ಒನ್ಕ್ಸ್ ಸುಲ್ಲ’ ಆಗಿರುತ್ತದೆ. ‘ಬರುತ್ತೇನೆ’ ಎಂದು ಬರೆದು ‘ಬರ್ತೀನಿ’, ‘ಬತ್ತೀನಿ’, ‘ಬರ್ತೆ’ ಎನ್ನುವ ನಾಡಿನವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಆದರೆ ಆಡುಮಾತಿಗೆಂದೇ ಬೇರೆ ಕೋರ್ಸ್ ಇರುತ್ತದೆಂಬುದು ಹಲವರಿಗೆ ಗೊತ್ತಿರುವುದಿಲ್ಲ. ಪಟ್ಟಿಯಲ್ಲಿ ‘ಪುಹೆಕಿಎಲಿ’ ಎಂಬ ಪದ ಕಂಡರೆ ಅದು ಆಡುಮಾತಿನ ತರಗತಿ. ಎ2 ಮುಟ್ಟಿದವರು ಮುಂದಿನ ವ್ಯಾಕರಣದ ಕೋರ್ಸಿಗೆ ಓಡುವ ಮೊದಲು ಇದರಲ್ಲಿ ಒಂದು ಅವಧಿ ಕೂತರೆ ಕಿವಿ ತೆರೆಯುತ್ತದೆ.

ವಿದ್ಯಾರ್ಥಿಗಳ ದಾರಿ ಎಲ್ಲಕ್ಕಿಂತ ಸುಲಭ. ವಿಶ್ವವಿದ್ಯಾಲಯಗಳ ಭಾಷಾಕೇಂದ್ರಗಳು ತಮ್ಮ ವಿದ್ಯಾರ್ಥಿಗಳಿಗೆ ಫಿನ್ನಿಷನ್ನು ಪದವಿಯ ಕ್ರೆಡಿಟ್ಟಿಗೆ ಸೇರಿಸಿ ಉಚಿತವಾಗಿ ಕಲಿಸುತ್ತವೆ. ಒಂದು ಕ್ರೆಡಿಟ್ ಎಂದರೆ ತರಗತಿ, ಮನೆಪಾಠ ಎಲ್ಲ ಸೇರಿ ಸುಮಾರು 27 ಗಂಟೆಯ ದುಡಿಮೆ. ಇಂಗ್ಲಿಷಿನಲ್ಲಿ ಎಂಎಸ್ ಮಾಡಲು ಬಂದವರು ಪ್ರಾಜೆಕ್ಟಿನ ಒತ್ತಡದಲ್ಲಿ ಇದನ್ನು ಕೈಬಿಟ್ಟು, ಪದವಿ ಮುಗಿದು ಕೆಲಸ ಹುಡುಕುವಾಗ ಅದೇ ಪಾಠಕ್ಕೆ ಹೊರಗೆ ದುಡ್ಡು ಕೊಡುತ್ತಾರೆ. ವಿದ್ಯಾರ್ಥಿಯಲ್ಲದವರಿಗೆ ಮುಕ್ತ ವಿಶ್ವವಿದ್ಯಾಲಯದ ಬಾಗಿಲಿದೆ. ಅಲ್ಲಿ ಪಾಠ ವಿಶ್ವವಿದ್ಯಾಲಯದ ಮಟ್ಟದ್ದು, ವೇಗವೂ ಅದರದೇ.

ಕಂಪನಿಯ ದಾರಿಯೂ ಒಂದಿದೆ. ‘ತ್ಯೋಪೈಕ್ಕಸುಒಮಿ’, ಕೆಲಸದ ಜಾಗದ ಫಿನ್ನಿಷ್, ಎಂಬ ಏರ್ಪಾಡಿನಲ್ಲಿ ಖರ್ಚನ್ನು ಮಾಲೀಕರು ಮತ್ತು ಸರ್ಕಾರ ಹಂಚಿಕೊಳ್ಳುತ್ತಾರೆ, ಆ ಕೆಲಸಕ್ಕೆ ಬೇಕಾದ ಮಾತನ್ನೇ ಮೊದಲು ಕಲಿಸುತ್ತಾರೆ. ಅಡುಗೆಮನೆಯವರಿಗೆ ಅಡುಗೆಮನೆಯ ಪದಗಳು, ಸ್ವಚ್ಛತೆಯವರಿಗೆ ರಾಸಾಯನಿಕದ ಡಬ್ಬಿಯ ಎಚ್ಚರಿಕೆ. ಉದ್ಯೋಗಿ ಬಾಯಿಬಿಟ್ಟು ಕೇಳದೆ ಮಾಲೀಕರೇ ಮುಂದಾಗುವುದು ಅಪರೂಪ. ಕೆಲಸಕ್ಕೆ ಸೇರುವ ಮಾತುಕತೆಯಲ್ಲೇ ಭಾಷೆಯ ತರಗತಿಗೆ ವಾರದಲ್ಲಿ ಇಷ್ಟು ಕೆಲಸದ ಸಮಯ ಎಂದು ಬರೆಸಿಕೊಂಡವರು ಜಾಣರು.

ಇನ್ನು ಪಂಚಾಂಗ. ಫಿನ್‌ಲ್ಯಾಂಡಿನ ತರಗತಿಗಳು ಶಾಲಾವರ್ಷದ ತಾಳಕ್ಕೆ ಕುಣಿಯುತ್ತವೆ. ವಯಸ್ಕರ ವಿದ್ಯಾಲಯಗಳ ನೋಂದಣಿ ಆಗಸ್ಟಿನ ಆಸುಪಾಸಿನಲ್ಲಿ ಒಮ್ಮೆ, ಡಿಸೆಂಬರ್–ಜನವರಿಯಲ್ಲಿ ಇನ್ನೊಮ್ಮೆ ತೆರೆಯುತ್ತದೆ. ಆರಂಭದ ಮಟ್ಟದ ಸಂಜೆ ತರಗತಿಗಳು ಬೇಗ ತುಂಬಿಹೋಗುತ್ತವೆ. ಅಕ್ಟೋಬರಿನಲ್ಲಿ ವಿಮಾನ ಇಳಿದವರು ಜನವರಿಯವರೆಗೆ ಕಾಯಬೇಕು. ಜುಲೈ ತಿಂಗಳಲ್ಲಿ ಇಡೀ ದೇಶ ಸರೋವರದ ದಡದ ಮರದ ಮನೆಗಳಿಗೆ ಹೋಗಿಬಿಟ್ಟಿರುತ್ತದೆ, ಆಗ ಫೋನಿಗೂ ಉತ್ತರ ಸಿಗುವುದಿಲ್ಲ. ಬೇಸಿಗೆ ವಿಶ್ವವಿದ್ಯಾಲಯಗಳೆಂಬ ಸಂಸ್ಥೆಗಳು ಈ ಖಾಲಿ ಕಾಲದಲ್ಲಿ, ಮುಖ್ಯವಾಗಿ ಜೂನ್ ಮತ್ತು ಆಗಸ್ಟಿನಲ್ಲಿ, ದಿನಾ ನಡೆಯುವ ತೀವ್ರ ಕೋರ್ಸ್‌ಗಳನ್ನು ಇಡುತ್ತವೆ. ಹೆಸರಿಗೆ ಮೋಸಹೋಗಬಾರದು, ಅವು ವರ್ಷಪೂರ್ತಿ ಪಾಠ ಮಾಡುತ್ತವೆ, ಪದವಿಯನ್ನೇನೂ ಕೊಡುವುದಿಲ್ಲ. ಇನ್ನೊಂದು ಅಡ್ಡಿ ಬೆಳಕು. ಆಗಸ್ಟಿನ ಸಂಜೆ ಐದಕ್ಕೆ ಬಿಸಿಲಿರುತ್ತದೆ. ಡಿಸೆಂಬರಿನಲ್ಲಿ ಹೆಲ್ಸಿಂಕಿಗೆ ಮಧ್ಯಾಹ್ನ ಮೂರೂಕಾಲರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಊರಿನ ಇನ್ನೊಂದು ತುದಿಯ ಒಳ್ಳೆಯ ತರಗತಿಗಿಂತ ಮನೆ ಹತ್ತಿರದ ಸಾಧಾರಣ ತರಗತಿಗೆ ಕೊನೆಯವರೆಗೂ ಹೋಗುವ ಸಂಭವ ಹೆಚ್ಚು.

ಹುಡುಕುವುದಕ್ಕೆ ಜಾಲತಾಣಗಳಿವೆ. ‘ಫಿನ್ನಿಷ್‌ಕೋರ್ಸಸ್’ ಎಂಬಲ್ಲಿ ಮಟ್ಟ, ಸ್ಥಳ, ಹಗಲೋ ಸಂಜೆಯೋ ಎಂಬುದನ್ನು ಗುರುತಿಸಿ ಬೇರೆಬೇರೆ ಸಂಸ್ಥೆಗಳ ತರಗತಿಗಳನ್ನು ಒಟ್ಟಿಗೆ ನೋಡಬಹುದು. ‘ಇನ್ಫೋಫಿನ್‌ಲ್ಯಾಂಡ್’ ಎಂಬ ತಾಣ ಹೊಸಬರಿಗೆ ಬೇಕಾದ ನಿಯಮಗಳನ್ನು ಹಲವು ಭಾಷೆಗಳಲ್ಲಿ ವಿವರಿಸುತ್ತದೆ.

ಫಿನ್ನಿಷೇ ಯಾಕೆ ಎಂಬ ಪ್ರಶ್ನೆಯೂ ಕೇಳಬೇಕಾದದ್ದು. ಸ್ವೀಡಿಷ್ ಮಾತೃಭಾಷೆಯವರು ಜನಸಂಖ್ಯೆಯಲ್ಲಿ ಶೇಕಡ 5ರಷ್ಟು ಮಾತ್ರ, ಆದರೆ ಸಂವಿಧಾನದಲ್ಲಿ ಅವರ ಭಾಷೆಗೆ ಸರಿಸಮ ಸ್ಥಾನ. ಪೌರತ್ವಕ್ಕೆ ಅದೂ ನಡೆಯುತ್ತದೆ. ಇಂಗ್ಲಿಷ್ ಬಲ್ಲವರಿಗೆ ಸ್ವೀಡಿಷ್ ಬೇಗ ಹತ್ತುತ್ತದೆ, ಹೆಲ್ಸಿಂಕಿಯಲ್ಲಿ ‘ಅರ್ಬಿಸ್’ ಎಂದು ಕರೆಯುವ ಸ್ವೀಡಿಷ್ ಕಾರ್ಮಿಕರ ವಿದ್ಯಾಲಯವೂ ಇದೆ. ಪಶ್ಚಿಮ ಕರಾವಳಿಯ ಕೆಲವು ಊರುಗಳಲ್ಲಿ, ಸ್ವೀಡಿಷ್ ಮಾತ್ರ ಆಡಳಿತಭಾಷೆಯಾದ ಓಲಂಡ್ ದ್ವೀಪಗಳಲ್ಲಿ, ಅದೇ ಸರಿಯಾದ ಆಯ್ಕೆ. ತಾಂಪೆರೆಯಲ್ಲೋ ಔಲುವಿನಲ್ಲೋ ಇರುವವರು ಸುಲಭವೆಂದು ಸ್ವೀಡಿಷ್ ಕಲಿತರೆ ಪರೀಕ್ಷೆ ಪಾಸಾಗಬಹುದು, ಪಕ್ಕದ ಮನೆಯವರೊಡನೆ ಮಾತು ಸಾಗುವುದು ಕಷ್ಟ.

ಪರೀಕ್ಷೆ ಎಂದರೆ ‘ಯುಕಿ’ ಎಂದು ಕರೆಯುವ ರಾಷ್ಟ್ರೀಯ ಭಾಷಾ ಪರೀಕ್ಷೆ. 1994ರಿಂದ ನಡೆಯುತ್ತಿರುವ ಇದರಲ್ಲಿ ಆರು ಮಟ್ಟ, ಮೂರು ಪ್ರಶ್ನೆಪತ್ರಿಕೆ. ನಡುವಿನ ಪತ್ರಿಕೆ 3 ಮತ್ತು 4ನೇ ಮಟ್ಟದ್ದು. 3 ಎಂದರೆ ಬಿ1. ಓದು, ಕೇಳುವಿಕೆ, ಬರಹ, ಮಾತು ಎಂಬ ನಾಲ್ಕು ಭಾಗಗಳಲ್ಲಿ ಬಾಯಿಮಾತಿಗೆ ಸೇರಿದ ಒಂದು, ಬರಹಕ್ಕೆ ಸೇರಿದ ಒಂದು ಹೀಗೆ ನಿಗದಿಯಾದ ಜೋಡಿಯೊಂದರಲ್ಲಿ 3 ಬಂದರೆ ಪೌರತ್ವದ ಷರತ್ತು ಮುಗಿಯಿತು. ಮಾತಿನ ಭಾಗದಲ್ಲಿ ಎದುರಿಗೆ ಪರೀಕ್ಷಕರಿರುವುದಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಧ್ವನಿಮುದ್ರಿತ ಪ್ರಶ್ನೆಗೆ ಗಡಿಯಾರದ ಕಟ್ಟಿನೊಳಗೆ ಉತ್ತರಿಸಬೇಕು, ಅಕ್ಕಪಕ್ಕದವರೂ ಅದೇ ಹೊತ್ತಿಗೆ ಮಾತಾಡುತ್ತಿರುತ್ತಾರೆ. ಭಾಷೆ ಬಂದವರೂ ಇಲ್ಲಿ ತಡವರಿಸುತ್ತಾರೆ. ಅದಕ್ಕಾಗಿ ಪರೀಕ್ಷೆಗೆ ತಯಾರು ಮಾಡುವ ಚಿಕ್ಕ ಕೋರ್ಸ್‌ಗಳಿವೆ. ಅವು ಭಾಷೆ ಕಲಿಸುವುದಿಲ್ಲ, ಬರುವ ಭಾಷೆಯನ್ನು ಆ ಚೌಕಟ್ಟಿಗೆ ಹೊಂದಿಸುತ್ತವೆ. ಎ2ರಲ್ಲಿ ಇರುವವರು ಸೇರಿದರೆ ದುಡ್ಡು ದಂಡ. ಪರೀಕ್ಷೆಯ ಜಾಗಗಳು ನೋಂದಣಿ ತೆರೆದೊಡನೆ ತುಂಬುವುದರಿಂದ ಅರ್ಜಿಯ ಯೋಚನೆ ಇರುವವರು ದಿನಾಂಕ ನೋಡಿಟ್ಟುಕೊಳ್ಳಬೇಕು.

ತರಗತಿಯ ಗಂಟೆಗಳು ಸಾಲದಿದ್ದಾಗ ಹೊರಗಿನ ಗಂಟೆ ಸೇರಿಸಬೇಕಾಗುತ್ತದೆ. ಸಾರ್ವಜನಿಕ ಪ್ರಸಾರ ಸಂಸ್ಥೆ ಯ್ಲೆ ಸರಳ ಫಿನ್ನಿಷಿನಲ್ಲಿ ನಿಧಾನವಾಗಿ ಓದುವ ವಾರ್ತೆ ಬಿತ್ತರಿಸುತ್ತದೆ. ‘ಸೆಲ್ಕೊಸನೊಮತ್’ ಎಂಬ ಸರಳಭಾಷೆಯ ಪತ್ರಿಕೆಯೇ ಇದೆ. ಗ್ರಂಥಾಲಯದಲ್ಲಿ ಕಾದಂಬರಿಗಳ ಸರಳ ರೂಪಗಳು ಸಿಗುತ್ತವೆ. ಡ್ಯುಯೊಲಿಂಗೊ 2020ರಲ್ಲಿ ಫಿನ್ನಿಷ್ ಸೇರಿಸಿಕೊಂಡಿತು. ಬಸ್ಸಿಗೆ ಕಾಯುವಾಗ ಒಳ್ಳೆಯದು, ಆದರೆ ಅದರ ಪಾಠ ಬೇಗ ಮುಗಿದುಹೋಗುತ್ತದೆ. ಇವುಗಳೆಲ್ಲಕ್ಕಿಂತ ಉಪಯೋಗ ಗ್ರಂಥಾಲಯಗಳ ಭಾಷಾ ಕೆಫೆ. 2018ರ ಡಿಸೆಂಬರಿನಲ್ಲಿ ತೆರೆದ ಹೆಲ್ಸಿಂಕಿಯ ಓದಿ ಗ್ರಂಥಾಲಯವೂ ಸೇರಿ ಹಲವೆಡೆ ವಾರಕ್ಕೊಮ್ಮೆ ಸ್ವಯಂಸೇವಕರು ಮೇಜಿನ ಸುತ್ತ ಕೂತು ಹೊಸಬರ ಜೊತೆ ಸುಮ್ಮನೆ ಮಾತಾಡುತ್ತಾರೆ. ನೋಂದಣಿ ಇಲ್ಲ, ಶುಲ್ಕವಿಲ್ಲ, ತಡವಾಗಿ ಬಂದರೂ ಯಾರೂ ಕೇಳುವುದಿಲ್ಲ.

ಅಲ್ಲಿಗೆ ಹೋಗಬೇಕಾದ ಅಗತ್ಯ ಯಾಕೆಂಬುದು ಯಾವುದೇ ಅಂಗಡಿಯ ಕಾಫಿ ಕೌಂಟರಿನಲ್ಲಿ ಗೊತ್ತಾಗುತ್ತದೆ. ಹೊಸಬರು ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡು ‘ಸೈಸಿನ್ಕೊ ಕಹ್ವಿನ್’, ಒಂದು ಕಾಫಿ ಕೊಡ್ತೀರಾ, ಎನ್ನುತ್ತಾರೆ. ಉಚ್ಚಾರಣೆ ಒಂದಿಷ್ಟು ತಪ್ಪಿದ್ದೇ ತಡ, ಆ ಕಡೆಯವರು ನೆರವಾಗೋಣವೆಂದು ಇಂಗ್ಲಿಷಿಗೆ ತಿರುಗಿಬಿಡುತ್ತಾರೆ. ಅದು ಸೌಜನ್ಯವೇ, ಆದರೆ ಕಲಿಯುವವರ ಒಂದು ನಿಮಿಷದ ಪಾಠ ಹೋಯಿತು. ತಡೆಯುವುದಕ್ಕೆ ಎರಡು ಪದದ ವಾಕ್ಯವೊಂದಿದೆ: ‘ಪುಹುತಾನ್ಕೊ ಸುಒಮೆಅ?’, ಫಿನ್ನಿಷ್ ಮಾತಾಡೋಣವಾ? ‘ಪುಹುತಾನ್’ ವ್ಯಾಕರಣದ ಪ್ರಕಾರ ಕರ್ಮಣಿ ಪ್ರಯೋಗ, ಆಡುಮಾತಿನಲ್ಲಿ ಮಾತ್ರ ‘ಮಾತಾಡೋಣ’. ಅದರ ಬಾಲಕ್ಕೆ ಪ್ರಶ್ನೆಯ ‘ಕೊ’. ಆಮೇಲೆ ಪಾರ್ಟಿಟಿವ್ ಹಚ್ಚಿಕೊಂಡ ಸುಒಮಿ. ಪಠ್ಯಪುಸ್ತಕಗಳು ಕರ್ಮಣಿ ಪ್ರಯೋಗಕ್ಕೆ ಬರುವ ಹೊತ್ತಿಗೆ ಸಂಜೆ ತರಗತಿಯವರಿಗೆ ಒಂದು ವರ್ಷವೇ ಕಳೆದಿರಬಹುದು. ವಾಕ್ಯ ಬೇಕಾಗುವುದು ಮೊದಲ ವಾರದಿಂದಲೇ.